ಬಸ್ಸು ಅನ್ನದ ಚಿಕ್ಕಮ್ಮ

ಹೋದ ತಿಂಗಳು ತುಮಕೂರಿನ ಪೇಟೆಬೀದಿಯ ಒಂದು ಅಂಗಡಿಯ ಮುಂದೆ ಪ್ಲಾಸ್ಟಿಕ್ ವೈರಿನ ಬ್ಯಾಸ್ಕೆಟ್ಟುಗಳನ್ನು ಸಾಲಾಗಿ ನೇತುಹಾಕಿದ್ದರು. ಹಸಿರು ಬಿಳಿ, ಕೆಂಪು ಹಳದಿ... ಒಂದನ್ನು ಇಳಿಸಿಕೊಂಡು ಮೂಸಿ ನೋಡಿದೆ. ಬಿಸಿಲಿಗೆ ಬಿದ್ದ ಹೊಸ ವೈರಿಗೆ ಒಂದು ವಾಸನೆ ಇರುತ್ತದೆ, ಅದು ಹಾಗೇ ಇತ್ತು. ಬ್ಯಾಸ್ಕೆಟ್ಟು ಮೂಸುವ ಹೆಂಗಸನ್ನು ಅಂಗಡಿಯವನು ಒಂಥರಾ ನೋಡಿದ. "ಇದಕ್ಕಿಂತ ದೊಡ್ಡ ತಂತಿಬುಟ್ಟಿ ಇಲ್ವೇನಪ್ಪ?" ಎಂದು ಕೇಳಿಬಿಟ್ಟೆ. ಅವನಿಗೆ ತಿಳಿಯಲಿಲ್ಲ. ಜೊತೆಗಿದ್ದ ಮಗಳು, "ತಂತಿಬುಟ್ಟಿ ಅಂದ್ರೇನಮ್ಮ? ಬ್ಯಾಸ್ಕೆಟ್ ಅನ್ನು" ಎಂದು ನಕ್ಕಳು. ಆ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತು ಎಂದು ಅವಳಿಗೆ ಹೇಳಲು ನಡುಬೀದಿಯಲ್ಲಿ ಆಗುತ್ತಿರಲಿಲ್ಲ.

ಅದು ಹಿತ್ತಲಮನೆ ಚಿಕ್ಕಮ್ಮನ ಮಾತು. ಗುಬ್ಬಿಯಲ್ಲಿ ನಾವಿದ್ದ ವಠಾರದ ಹಿಂಭಾಗದಲ್ಲಿ, ಬಾವಿಯ ಪಕ್ಕ, ಒಂದೂವರೆ ಕೋಣೆಯ ಮನೆ ಅವರದು. ನಮಗೆ ಅವರು ನೆಂಟರೇನೂ ಅಲ್ಲ. ನಮ್ಮಮ್ಮನನ್ನು ಅಕ್ಕ ಅನ್ನುತ್ತಿದ್ದರು, ಹಾಗಾಗಿ ನಮಗೆ ಚಿಕ್ಕಮ್ಮನಾದರು. ಹಾಗಲವಾಡಿಯವರು, ಮದುವೆಯಾಗಿ ಗುಬ್ಬಿಗೆ ಬಂದಾಗ ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ಎಪ್ಪತ್ತರ ದಶಕದ ಆ ದಿನಗಳಲ್ಲಿ ಹಳ್ಳಿಹಳ್ಳಿಗೂ ಕರೆಂಟು ಬರುತ್ತಿತ್ತು, ಕರೆಂಟಿನ ಹಿಂದೆ ಪಂಪ್‌ಸೆಟ್ಟು, ಪಂಪ್‌ಸೆಟ್ಟಿನ ಹಿಂದೆ ಅದರ ರಿಪೇರಿ. ಅವರ ಗಂಡ ಆ ರಿಪೇರಿಯ ಕೆಲಸದವನು. ಚೇಳೂರು, ನಿಟ್ಟೂರು ಎಂದು ತೋಟ ತೋಟ ಸುತ್ತಿ, ಕೈಯೆಲ್ಲ ಗ್ರೀಸು ಮಾಡಿಕೊಂಡು ಸಂಜೆಗೆ ಬರುತ್ತಿದ್ದ. ಅವನ ಹೆಸರು ಬಸವರಾಜು.

ಈ ಹೆಸರನ್ನು ನಾನು ಬರೆಯಬಲ್ಲೆ, ಚಿಕ್ಕಮ್ಮ ಹೇಳುವಂತಿರಲಿಲ್ಲ. ಗಂಡನ ಹೆಸರು ಹೇಳದಿರುವುದು ಆಗ ಹೊಸದೇನಲ್ಲ. ನಮ್ಮಮ್ಮನೂ ನಮ್ಮಪ್ಪನನ್ನು "ಇವ್ರೇ" ಎಂದೇ ಕರೆದವಳು. ಆದರೆ ಚಿಕ್ಕಮ್ಮನ ಅತ್ತೆ ಅದನ್ನು ಇನ್ನೂ ಬಿಗಿ ಮಾಡಿ ಸೊಸೆಯ ಕೈಗೆ ಕೊಟ್ಟಿದ್ದರು. ಹೆಸರು ಎತ್ತಿದರೆ ಗಂಡನ ಆಯಸ್ಸು ಸವೆಯುತ್ತದೆ, ಹೆಸರಿನ ಹತ್ತಿರಕ್ಕೆ ಬರುವ ಮಾತಾಡಿದರೂ ಅಷ್ಟಷ್ಟೇ ಸವೆಯುತ್ತದೆ ಎಂದು. ಅತ್ತೆ ತೀರಿಕೊಂಡರೂ ಚಿಕ್ಕಮ್ಮ ಅದನ್ನು ಬಿಡಲಿಲ್ಲ.

ಕನ್ನಡದ ಮಾತುಗಳಾದರೆ ಅವರು ಹೇಗೋ ಸಂಭಾಳಿಸಿಕೊಂಡಿದ್ದರು. ಬಸಳೆಸೊಪ್ಪಿಗೆ ಬಳ್ಳಿಸೊಪ್ಪು, ಬಸ್ಸಾರಿಗೆ ಕಟ್ಟಿನ ಸಾರು, ಗುಡಿಯ ಬಸವಣ್ಣನಿಗೆ ನಂದೀಶ. ಇವೆಲ್ಲ ಅತ್ತೆಯ ಕಾಲದಿಂದ ಬಂದವು. ಕಷ್ಟ ತಂದಿದ್ದು ಇಂಗ್ಲಿಷು. ಅತ್ತೆಗೆ ಗೊತ್ತಿಲ್ಲದ ಮಾತುಗಳು ದಿನಕ್ಕೊಂದರಂತೆ ವಠಾರಕ್ಕೆ ಬರುತ್ತಿದ್ದವು, ಪ್ರತಿಯೊಂದನ್ನೂ ಚಿಕ್ಕಮ್ಮನೇ ತಡೆದು ನಿಲ್ಲಿಸಿ ವಿಚಾರಿಸಬೇಕಿತ್ತು. ಬಸ್ಸು ಮೊದಲನೇ ಶತ್ರು. ಅದಕ್ಕೆ ದೊಡ್ಡಗಾಡಿ ಎಂದರು. ಬಸ್‌ಸ್ಟ್ಯಾಂಡು ದೊಡ್ಡಗಾಡಿ ನಿಲ್ಲೋ ಜಾಗವಾಯಿತು. ಬಟ್ಟೆ ನೆನೆಸುವ ಬೇಸನ್ನಿಗೆ ಅಗಲಬೋಗುಣಿ. ಹೈಸ್ಕೂಲಿನಲ್ಲಿ ನಾನು ಬ್ಯಾಸ್ಕೆಟ್‌ಬಾಲ್ ಆಡುತ್ತೇನೆಂದು ಹೇಳಿದಾಗ ಸ್ವಲ್ಪ ಯೋಚಿಸಿ, "ಬುಟ್ಟಿಚೆಂಡು ಆಡಾಕೆ ಲಂಗ ಹಾಕ್ಕೊಂಡು ಹೋಗ್ತೀಯೇನೇ?" ಎಂದಿದ್ದರು.

ಬಿಸ್ಕತ್ತಿನ ಬಗ್ಗೆ ವಠಾರದಲ್ಲಿ ದೊಡ್ಡ ವಿಚಾರಣೆಯೇ ನಡೆಯಿತು. ಅದೂ ಹೆಸರಿನ ಹತ್ತಿರವೇ ಬರುತ್ತದಲ್ಲ ಎಂದು ನಮ್ಮಮ್ಮ ಕೆಣಕಿದಳು. ಬಿಸ್ಕತ್ತೆಂದರೆ ಚಿಕ್ಕಮ್ಮನಿಗೆ ಪ್ರಾಣ. "ಅದು ದೂರದ ನೆಂಟು ಬುಡಕ್ಕ, ಅದ್ಕೆಲ್ಲ ದೋಸ ಬರಾಕಿಲ್ಲ" ಎಂದು ತಾವೇ ತೀರ್ಪು ಕೊಟ್ಟುಕೊಂಡು ಟೀಗೆ ಅದ್ದಿಕೊಂಡು ತಿಂದರು. ಹೆಸರಿನ ಕೊನೆಯ ರಾಜುವನ್ನೂ ಹಾಗೇ ಬಿಟ್ಟುಕೊಟ್ಟಿದ್ದರು. ರಾಜು ಅನ್ನೋರು ಊರ ತುಂಬ ಅವ್ರೆ, ಅದು ಇವರೊಬ್ಬರದೇ ಅಲ್ಲವಲ್ಲ ಎನ್ನುವ ವಾದ ಅವರದು.

ನಾವು ಮಕ್ಕಳು ಸುಮ್ಮನಿರುತ್ತೇವೆಯೇ? ರಸ್ತೆಯಲ್ಲಿ ಬಸ್ಸು ಹೋದಾಗಲೆಲ್ಲ ಅವರ ಸೆರಗು ಹಿಡಿದು "ಚಿಕ್ಕಮ್ಮ, ಅದೇನು? ಅದೇನು?" ಎನ್ನುತ್ತಿದ್ದೆವು. ಅವರು ಒಮ್ಮೆಯೂ ಸಿಕ್ಕಿಬೀಳಲಿಲ್ಲ. "ಅದಾ? ಅದು ನಿಮ್ಮಪ್ಪ ಬಂದಿಳಿಯೋದು ಕಣೇ" ಎಂದು ಬಿಡುತ್ತಿದ್ದರು. ನೋಡುನೋಡುತ್ತ ವಠಾರದವರೆಲ್ಲ ಅವರ ಮಾತನ್ನೇ ಆಡತೊಡಗಿದರು. "ನಿನ್ನ ಒಬ್ಬ ಗಂಡನಿಗೋಸ್ಕರ ಇಂಗ್ಲಿಷ್ನೋರ ಬಾಯೆಲ್ಲ ಕಟ್ಟಿ ಹಾಕ್ದಲ್ಲೇ" ಎಂದು ನಮ್ಮಮ್ಮ ನಗುತ್ತಿದ್ದಳು. ಚಿಕ್ಕಮ್ಮನೂ ನಗುತ್ತಿದ್ದರು. ಗಂಡ ಮನೆಗೆ ಬರುತ್ತಿದ್ದ ಕಾಲ ಅದು.

ಆಮೇಲೆ ಅವನಿಗೆ ಕುಣಿಗಲ್ ಕಡೆ ಕೆಲಸ ಹೆಚ್ಚಾಯಿತು. ಮೊದಲು ವಾರಕ್ಕೊಮ್ಮೆ ಬಂದ, ಆಮೇಲೆ ಹಬ್ಬಕ್ಕೆ ಬಂದ, ಆಮೇಲೆ ಹಬ್ಬಕ್ಕೂ ಬರಲಿಲ್ಲ. ಕುಣಿಗಲ್ಲಿನಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದಾನೆ ಎಂಬ ಸುದ್ದಿ ಎಲ್ಲರಿಗೂ ಗೊತ್ತಾಗಿ, ಕೊನೆಗೆ ಚಿಕ್ಕಮ್ಮನಿಗೂ ಗೊತ್ತಾಯಿತು. ಅವರು ಕೂಗಾಡಲಿಲ್ಲ. ತವರಿಗೂ ಹೋಗಲಿಲ್ಲ. ಪೇಟೆಯಿಂದ ವೈರಿನ ಕಟ್ಟು ತಂದು ಬಾವಿಯ ಕಟ್ಟೆಯ ಮೇಲೆ ಕುಳಿತು ಬುಟ್ಟಿ ಹೆಣೆಯಲು ಶುರು ಮಾಡಿದರು. ಹೊಟ್ಟೆಪಾಡಿಗೆ ಆ ಕೆಲಸವೇ ಆಧಾರವಾಯಿತು, ಅದರ ಹೆಸರು ಮಾತ್ರ ಅವರ ಬಾಯಿಗೆ ಬರುವಂತಿರಲಿಲ್ಲ. ಕೊಳ್ಳಲು ಬಂದವರು ಬ್ಯಾಸ್ಕೆಟ್ ಎಂದರೆ ಇವರು ತಂತಿಬುಟ್ಟಿ ಎನ್ನುತ್ತಿದ್ದರು.

ನಮ್ಮಮ್ಮನಿಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಅಮ್ಮ ಕೆಟ್ಟವಳಲ್ಲ, ಬಾಯಿ ಜೋರು. ನನಗೂ ಅದೇ ಬಂದಿದೆ ಅನ್ನುತ್ತಾರೆ. ಒಂದು ದಿನ ಬಾವಿಕಟ್ಟೆಯ ಮುಂದೆ ನಿಂತು ಎಲ್ಲರೆದುರೇ ಕೇಳಿದಳು.

"ಅಲ್ಲ ಕಣೇ, ನಿನ್ನ ಬುಟ್ಟು ಹೋದೋನ ಆಯಸ್ಸು ಕಾಯ್ಕೊಂಡು ಕೂತಿದೀಯಲ್ಲ, ನಿನಗೇನು ಮಾನ ಮರ್ಯಾದೆ ಇಲ್ವಾ? ಅನ್ನು, ಬಸ್ಸು ಅನ್ನು! ಒಂದ್ಸಲ ಅಂದು ಕೈ ತೊಳ್ಕೋ."

ಚಿಕ್ಕಮ್ಮ ಹೆಣಿಗೆಯಿಂದ ತಲೆ ಎತ್ತಲಿಲ್ಲ. "ಎಲ್ಲಾದ್ರೂ ಇರ್ಲಿ ಬುಡಕ್ಕ, ಬದುಕಿರ್ಲಿ" ಎಂದರು. ಅವರು ನೋವು ತೋರಿಸಿಕೊಳ್ಳದೆ ಹಾಗೆ ಹೇಳಿದ್ದು ನನಗೆ ಆಗ ಪೆದ್ದುತನ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ... ಏನನ್ನಿಸುತ್ತದೆ ಎಂದು ಹೇಳುವುದೂ ಕಷ್ಟ.

ನಾನು ಪಿಯುಸಿ ಓದುತ್ತಿದ್ದಾಗ ಕುಣಿಗಲ್ಲಿನಿಂದ ಒಬ್ಬ ಬಂದ. ಚಿಕ್ಕಮ್ಮನ ಗಂಡನ ಜೊತೆ ಪಂಪ್‌ಸೆಟ್ಟಿನ ಕೆಲಸ ಮಾಡುತ್ತಿದ್ದವನು, ಕೊಬ್ಬರಿ ಕೊಳ್ಳಲು ಗುಬ್ಬಿ ಸಂತೆಗೆ ಬಂದವನು ಹಾಗೇ ವಠಾರಕ್ಕೂ ಬಂದಿದ್ದ. ಬಸವರಾಜು ಕಾಯಿಲೆ ಬಿದ್ದಿದ್ದಾನೆ, ಆ ಹೆಂಗಸು ಬಿಟ್ಟು ಹೋಗಿದ್ದಾಳೆ, ಅಲ್ಲೇ ಇರುವ ಅಣ್ಣನ ಮನೆಯಲ್ಲಿ ಮಲಗಿದ್ದಾನೆ, ಹೊಟ್ಟೆ ಊದಿಕೊಂಡಿದೆ, ನಿಮ್ಮನ್ನು ನೋಡಬೇಕು ಎನ್ನುತ್ತಾನೆ ಎಂದು ಹೇಳಿ ನೀರು ಕುಡಿದು ಹೋದ.

ಚಿಕ್ಕಮ್ಮ ಒಳಗೆ ಹೋಗಿ ಟ್ರಂಕಿನಿಂದ ಒಂದು ಸೀರೆ ತೆಗೆದು ಮಡಿಚಿಕೊಂಡು ಬಂದು ನಮ್ಮ ಜಗುಲಿಯ ಮೇಲೆ ಕುಳಿತರು. "ಹೋಗ್ಬುಟ್ಟು ಬರ್ಲೇನಕ್ಕ?" ಎಂದು ಕೇಳಿದರು. ವಠಾರದ ಹೆಂಗಸರೆಲ್ಲ ಸೇರಿದರು. ನಮ್ಮ ಕಡೆ ಒಂದು ಪದ್ಧತಿಯಿದೆ. ಗಂಡ ಬಿಟ್ಟು ಕೂರಿಸಿದ ಹೆಣ್ಣು ತಾನಾಗಿ ಹೋಗಿ ಅವನ ಹೊಸಿಲು ದಾಟುವಂತಿಲ್ಲ. ಗಂಡನ ಕಡೆಯ ಹಿರಿಯರೊಬ್ಬರು ಬಂದು, ಮನೆಯಲ್ಲಿ ಕುಳಿತು, ಕರೆದುಕೊಂಡು ಹೋಗಬೇಕು. ಸಂತೆಗೆ ಬಂದವನು ಹೇಳಿ ಹೋಗುವುದು ಕರೆ ಅಲ್ಲ. "ಅವರಣ್ಣ ಬರ್ಲಿ" ಎಂದಳು ನಮ್ಮಮ್ಮ. "ಇಷ್ಟು ವರ್ಸ ಬಾಯಿ ಕಟ್ಕೊಂಡಿದ್ದಕ್ಕೆ ಅಷ್ಟಾದ್ರೂ ಬೆಲೆ ಬ್ಯಾಡ್ವಾ? ನೀನಾಗೇ ಹೋದ್ರೆ ನಾಳೆ ಅವ್ರ ಮನೇಲಿ ಕಸಕ್ಕಿಂತ ಕಡೆ ಆಗ್ತೀಯ." ಉಳಿದವರೂ ಹೌದೆಂದು ತಲೆಯಾಡಿಸಿದರು. ಚಿಕ್ಕಮ್ಮ ತೊಡೆಯ ಮೇಲಿದ್ದ ಸೀರೆಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು.

ಅಣ್ಣ ಬರಲಿಲ್ಲ. ಕುಣಿಗಲ್ ಕಡೆಯವರನ್ನು ತರುವ ತುಮಕೂರಿನ ಬಸ್ಸು ಬರುವ ಹೊತ್ತಿಗೆ ಚಿಕ್ಕಮ್ಮ ಹೆಣಿಗೆ ಬಿಟ್ಟು ಬೀದಿಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಇಳಿದವರ ಮುಖವನ್ನೆಲ್ಲ ನೋಡಿ ಒಳಗೆ ಹೋಗುತ್ತಿದ್ದರು. ಅದನ್ನು ನೋಡಿದ ನಮ್ಮಮ್ಮ, "ಬರ್ತಾರೆ ಸುಮ್ನಿರು, ಬರ್ದೆ ಏನ್ಮಾಡ್ತಾರೆ" ಎನ್ನುತ್ತಿದ್ದಳು. ಅಮ್ಮನಿಗೆ ನಿಜಕ್ಕೂ ಹಾಗೇ ಅನ್ನಿಸಿತ್ತು. ಅವರು ಬಂದು ಕೈಮುಗಿದು ಕರೆಯುತ್ತಾರೆ, ತನ್ನ ತಂಗಿಯಂಥವಳು ತಲೆ ಎತ್ತಿಕೊಂಡು ಹೋಗುತ್ತಾಳೆ ಎಂದು ಅವಳು ಮನಸ್ಸಿನಲ್ಲೇ ಎಲ್ಲವನ್ನೂ ನಡೆಸಿಬಿಟ್ಟಿದ್ದಳು.

ಒಂದು ಬೆಳಿಗ್ಗೆ ಅಮ್ಮ ಜಗುಲಿಯ ಮೇಲೆ ಮೊರದಲ್ಲಿ ಹುರುಳಿಕಾಳು ಕೇರುತ್ತಿದ್ದಳು. ನಾನು ಪಕ್ಕದಲ್ಲೇ ಜಡೆ ಹಾಕಿಕೊಳ್ಳುತ್ತಿದ್ದೆ. ಹಿತ್ತಲಿನಿಂದ ಚಿಕ್ಕಮ್ಮ ಬಂದರು.

"ಅಕ್ಕ, ತುಮಕೂರಿಗೆ ಈಗ ಯಾವ ಬಸ್ಸೈತೆ?"

ನನ್ನ ಕೈ ಜಡೆಯಲ್ಲೇ ನಿಂತಿತು. ಅಮ್ಮನ ಮುಖ ಅರಳಿಹೋಯಿತು. ಮೊರವನ್ನು ಪಕ್ಕಕ್ಕಿಟ್ಟು, ಎದ್ದು, ಚಿಕ್ಕಮ್ಮನ ಎರಡೂ ತೋಳು ಹಿಡಿದುಕೊಂಡಳು. "ಅಂತೂ ಅಂದ್ಯಲ್ಲೇ! ಅಂತೂ ಬಾಯಿ ಬಿಟ್ಯಲ್ಲೇ ನಮ್ಮವ್ವ! ಅವನ ಹಂಗು ತೀರ್ತು ಬುಡು, ಇನ್ಮೇಲೆ ನೀನು ನೀನಾಗಿರು..." ಎಂದು ಏನೇನೋ ಹೇಳುತ್ತಲೇ ಇದ್ದಳು. ಚಿಕ್ಕಮ್ಮನ ಹಿಂದೆ, ಬಾವಿಯ ಹತ್ತಿರ, ತಲೆಗೆ ಟವೆಲು ಸುತ್ತಿದ್ದ ವಯಸ್ಸಾದ ಗಂಡಸೊಬ್ಬರು ನಿಂತಿದ್ದರು. ಗಂಡನ ಅಣ್ಣ. ಹಿಂದಿನ ಬಾಗಿಲಿನಿಂದ ಬಂದವರನ್ನು ನಾವು ನೋಡಿರಲಿಲ್ಲ. ಅಮ್ಮ ಅವರನ್ನು ನೋಡಿದಳು, ಚಿಕ್ಕಮ್ಮನ ಮುಖ ನೋಡಿದಳು, ಹಿಡಿದ ಕೈ ಬಿಟ್ಟಳು.

"ಇನ್ನೇನೈತಕ್ಕ, ಏನಂದ್ರೇನು" ಎಂದರು ಚಿಕ್ಕಮ್ಮ.

ಹಿಂದಿನ ಸಂಜೆಯೇ ಜೀವ ಹೋಗಿತ್ತು. ಚಿಕ್ಕಮ್ಮ ತುಮಕೂರಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ಕುಣಿಗಲ್ಲಿಗೆ ಹೋಗಿ ಮಣ್ಣು ಮಾಡುವ ಮುಂಚೆ ಮುಖ ನೋಡಿದರು. ಅಣ್ಣನ ಮನೆಯಲ್ಲಿ ಆಗಿದ್ದು ಏನೆಂದು ಆಮೇಲೆ ತಿಳಿಯಿತು. ಹೆಂಡತಿಯನ್ನು ಕರೆಸು ಎಂದು ತಮ್ಮ ಕೇಳುತ್ತಲೇ ಇದ್ದನಂತೆ. ಗಂಡ ಮಲಗಿದ್ದಾನೆ ಎಂದು ತಿಳಿದ ಮೇಲೆ ಹೆಂಡತಿಯೇ ಓಡಿ ಬರಬೇಕಲ್ಲವೇ, ಹೋಗಿ ಕರೆಯುವುದೇನು ಎಂದು ಅಣ್ಣ ಕುಳಿತಿದ್ದರಂತೆ. ಎರಡು ಕಡೆಯೂ ಮರ್ಯಾದೆ ಕಾಯುತ್ತ ಕುಳಿತು ಒಬ್ಬ ಮನುಷ್ಯನನ್ನು ಹಾಗೇ ಕಳಿಸಿಬಿಟ್ಟರು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಒಬ್ಬರನ್ನು ತೋರಿಸಲಾರೆ.

ವಾಪಸ್ಸು ಬಂದ ಚಿಕ್ಕಮ್ಮ ಎಲ್ಲ ಮಾತನ್ನೂ ಆಡಿದರು. ಬಸ್ಸು, ಬೇಸನ್ನು, ಬ್ಯಾಸ್ಕೆಟ್ಟು. ನಮ್ಮಜ್ಜಿ, ತಾತ ಹೋದ ಮೇಲೂ, ತಾನು ಸಾಯುವತನಕ ಅವರ ಹೆಸರು ಹೇಳಲಿಲ್ಲ, ಅವಳದು ಮರ್ಯಾದೆ. ಚಿಕ್ಕಮ್ಮನಿಗೆ ಮರ್ಯಾದೆಯ ಚಿಂತೆ ಇರಲಿಲ್ಲ, ಅವನು ಬದುಕಿರಲಿ ಅನ್ನುವುದೊಂದೇ ಇತ್ತು. ಅವರು ಬಾವಿಕಟ್ಟೆಯಲ್ಲಿ ಯಾರಿಗೋ "ಆ ಬ್ಯಾಸ್ಕೆಟ್ ತಗಳವ್ವ, ಗಟ್ಟಿ ಐತೆ" ಎನ್ನುವುದು ಕೇಳಿದರೆ ಅಮ್ಮ ಒಳಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿಕೊಳ್ಳುತ್ತಿದ್ದಳು. ವರ್ಷ ತುಂಬುವ ಮೊದಲೇ ಚಿಕ್ಕಮ್ಮ ಮನೆ ಖಾಲಿ ಮಾಡಿ ಹಾಗಲವಾಡಿಗೆ ಹೋದರು. ಹೊರಡುವಾಗ ಅಮ್ಮನಿಗೆ ಒಂದು ಬುಟ್ಟಿ ಕೊಟ್ಟರು. ಇಬ್ಬರೂ ಹೆಚ್ಚು ಮಾತಾಡಲಿಲ್ಲ.

ಅಮ್ಮನ ಬಾಯಿ ಜೋರು ಆಮೇಲೆ ತಗ್ಗಿಹೋಯಿತು. ಬೇರೆಯವರ ಮನೆಯ ವಿಷಯಕ್ಕೆ ಯಾರಾದರೂ ಸಲಹೆ ಕೇಳಿದರೆ, "ನನ್ನ ಕೇಳ್ಬೇಡಿ, ನನ್ನ ಮಾತು ಒಳ್ಳೇದಲ್ಲ" ಎಂದು ಎದ್ದುಬಿಡುತ್ತಿದ್ದಳು. ಕೊನೆಯ ದಿನಗಳಲ್ಲಿ ನನ್ನ ಹತ್ತಿರ ಹೇಳಿದಳು: "ಹೋಗು ಅಂದಿದ್ರೆ ಹೋಗ್ತಿದ್ಲು ಕಣೇ. ಸೀರೆ ಮಡಿಚ್ಕೊಂಡೇ ಬಂದಿದ್ಲು." ನಾನು ಏನೋ ಸಮಾಧಾನ ಹೇಳಿದೆ. ಅಮ್ಮ ಗೋಡೆ ಕಡೆ ತಿರುಗಿ ಮಲಗಿದಳು.

ಅಮ್ಮ ಹೋದ ಮರುವರ್ಷ ನನ್ನ ಮದುವೆಗೆ ಕರೆಯಲು ಹಾಗಲವಾಡಿಗೆ ಹೋದೆ. ಚಿಕ್ಕಮ್ಮನ ಕೂದಲು ಬೆಳ್ಳಗಾಗಿತ್ತು. ಅಮ್ಮನ ಸುದ್ದಿ ಕೇಳಿ ಅತ್ತರು. ಕಾಫಿ ಕುಡಿಯುತ್ತ ನಾನೇ ಆ ಮಾತು ಎತ್ತಿದೆ, ನಿಮ್ಮನ್ನು ತಡೆದೆನೆಂದು ಅಮ್ಮ ಕೊನೆತನಕ ಕೊರಗಿದಳು ಎಂದೆ. ಚಿಕ್ಕಮ್ಮ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು.

"ನಿಮ್ಮವ್ವ ಎಲ್ಲಿ ತಡುದ್ಲವ್ವ? ಹೋಗೋಳು ಯಾರನ್ನಾದ್ರೂ ಕೇಳ್ಕೊಂಡು ಹೋಗ್ತಾಳಾ? ಯಾರಾದ್ರೂ ಬ್ಯಾಡ ಅನ್ಲಿ ಅಂತ್ಲೇ ಬಂದು ನಿಮ್ಮ ಜಗುಲೀಲಿ ಕೂತೆ. ಹೋಗಿ ಆ ಮುಖ ನೋಡಿ ಏನು ಮಾತಾಡ್ಲಿ ಅಂತ ದಿಗಿಲಾಗಿತ್ತು ನಂಗೆ. ನಿಮ್ಮವ್ವನಿಗೆ ಬಾಯಿ ಜಾಸ್ತಿ, ಅವ್ಳು ಅಂತಾಳೆ ಅಂತ ಗೊತ್ತಿತ್ತು... ಅಂದ್ಲು."

ಮತ್ತೆ ಲೋಟ ಎತ್ತಿಕೊಂಡು, "ಇಂಗೆ ಕೊರಗ್ತಾಳೆ ಅಂತ ಗೊತ್ತಿದ್ರೆ ಬಂದು ಹೇಳ್ತಿದ್ದೆ ಕಣವ್ವ. ಅವ್ಳಿಗೇ ನನ್ ಮ್ಯಾಲೆ ಬ್ಯಾಸರ ಅಂದ್ಕೊಂಡು ಇದ್ಬುಟ್ಟೆ" ಎಂದರು.

ನಿಜವನ್ನೇ ಹೇಳಿದರೋ, ತಾಯಿ ಇಲ್ಲದ ಹುಡುಗಿಗೆ ಸಮಾಧಾನವಾಗಲಿ ಎಂದು ಹೇಳಿದರೋ ತಿಳಿಯದು. ನಾನು ನಂಬಿದೆ. ಗುಬ್ಬಿಗೂ ಹಾಗಲವಾಡಿಗೂ ಎಷ್ಟು ದೂರ? ಅಮ್ಮ ಇದ್ದಾಗಲೇ ನಾನೊಮ್ಮೆ ಬಂದಿದ್ದರೆ, ಅಥವಾ ಅಮ್ಮನನ್ನೇ ಕರೆದುಕೊಂಡು ಬಂದಿದ್ದರೆ... ಚಿಕ್ಕಮ್ಮ ಅರಿಸಿನ ಕುಂಕುಮ ಕೊಡಲಾಗದೆ ಒಂದು ತೆಂಗಿನಕಾಯಿ ಕೊಟ್ಟು ಕಳಿಸಿದರು. ಮದುವೆಗೆ ಬರಲಿಲ್ಲ. ಕೆಲವು ವರ್ಷಗಳಲ್ಲಿ ಅವರೂ ತೀರಿಕೊಂಡರು.

ಪೇಟೆಬೀದಿಯಲ್ಲಿ ಬ್ಯಾಸ್ಕೆಟ್ಟು ನೋಡಿದ ಆ ದಿನ ರಾತ್ರಿ ಊಟವಾದ ಮೇಲೆ ಮಗಳಿಗೆ ಇದನ್ನೆಲ್ಲ ಹೇಳಿದೆ. ಮೊದಮೊದಲು ಬುಟ್ಟಿಚೆಂಡಿಗೆ, ಬಿಸ್ಕತ್ತಿಗೆ ಬಿದ್ದುಬಿದ್ದು ನಕ್ಕಳು. ಕೊನೆಗೆ ತಟ್ಟೆ ಎತ್ತಿಕೊಂಡು ಹೋಗುತ್ತಿದ್ದವಳು ಬಾಗಿಲಲ್ಲಿ ತಿರುಗಿ ನಿಂತು, "ಹಾಗಾದ್ರೆ ಬೇಡ ಅನ್ಲಿ ಅಂತ್ಲೇ ಅವ್ರು ಬಂದು ಕೂತಿದ್ದು ಅಜ್ಜಿಗೆ ಗೊತ್ತಾಗ್ಲೇ ಇಲ್ವಾ ಅಮ್ಮ?" ಎಂದು ಕೇಳಿದಳು.

ಇಲ್ಲ, ಗೊತ್ತಾಗಲಿಲ್ಲ ಎಂದೆ.