ದೇವರ ಕಂಬಳಿಯ ತುಂಡು

ಹೊಳೆವ್ವನಿಗೆ ಏಳು ತಿಂಗಳು ತುಂಬುವ ಹೊತ್ತಿಗೆ ತೊಡೆಸಂದಿನಲ್ಲಿ ನೋವು ಶುರುವಾಯಿತು. ಎರಡು ಎಲುಬುಗಳ ನಡುವೆ ಬೆರಳು ತೂರಿಸಿ ಯಾರೋ ಅಗಲಿಸಿದಂಥ ನೋವು. ಒಂದು ಕಾಲೆತ್ತಿ ಹೊಸ್ತಿಲು ದಾಟುವಂತಿಲ್ಲ, ಮಲಗಿದರೆ ಮಗ್ಗುಲು ಹೊರಳುವಂತಿಲ್ಲ. ಆದರೆ ಅವಳನ್ನು ಹೆದರಿಸಿದ್ದು ನೋವಲ್ಲ. ಈ ನೋವನ್ನು ಅವಳು ಮೊದಲೇ ಕಣ್ಣಾರೆ ಕಂಡಿದ್ದಳು. ಅಕ್ಕ ತಾರವ್ವ ಇದೇ ಗೋಡೆ ಹಿಡಿದು, ಇದೇ ಅಂಗಳದಲ್ಲಿ ಕಾಲೆಳೆಯುತ್ತ ಎರಡು ತಿಂಗಳು ಕಳೆದಿದ್ದಳು. ಹೆರಿಗೆಯಲ್ಲಿ ತಾಯಿಯೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ. ವರ್ಷ ತುಂಬುವುದರೊಳಗೆ ಹಿರಿಯರು ಹೊಳೆವ್ವನನ್ನು ಭಾವ ಸಾಬಣ್ಣನಿಗೇ ಕಟ್ಟಿ ಕೈ ತೊಳೆದುಕೊಂಡರು. ಅವಳನ್ನು ಕೇಳಿದವರು ಯಾರು?

ಮುಧೋಳ ಸಂಸ್ಥಾನ ಹೋಗಿ ಮುಂಬಯಿ ಸರ್ಕಾರ ಬಂದು ನಾಲ್ಕು ವರ್ಷವಾಗಿತ್ತು. ಬೆಳಗಲಿಯ ಆ ಮನೆಯಲ್ಲಿ ಮಾತ್ರ ಇನ್ನೂ ತಾರವ್ವನದೇ ರಾಜ್ಯ. ಮಧ್ಯಾಹ್ನ ಉಣ್ಣೆ ನೂಲುತ್ತ ಕೂತಾಗ ಅಂಗಳದಲ್ಲಿ ಕಾಲೆಳೆಯುವ ಸಪ್ಪಳ ಕೇಳುತ್ತಿತ್ತು. ಹೊಳೆವ್ವ ತಿರುಗಿ ನೋಡುತ್ತಿರಲಿಲ್ಲ. ತನಗೂ ಎರಡೇ ತಿಂಗಳು ಉಳಿದಿದೆ ಎಂದು ಅವಳಿಗೆ ಖಾತ್ರಿಯಾಗಿತ್ತು.

"ನಿಮ್ಮಕ್ಕ ನಿನ್ನ ನಡಾ ಹಿಡದಾಳ," ಎಂದಳು ಅತ್ತೆ ಅನಸವ್ವ. "ಬೀರಪ್ಪನ ಗುಡಿಗೆ ಐದು ಸೋಮವಾರ ನಡಕೋ. ಬಿಡ್ತಾಳ."

ಗುಡಿ ಇದ್ದದ್ದು ಊರಾಚೆಯ ದಿಬ್ಬದ ಮೇಲೆ. ಎರಡು ಸೋಮವಾರ ಹೋಗಿ ಬಂದಳು. ಮೂರನೆಯ ಸೋಮವಾರ ನಡುದಾರಿಯಲ್ಲಿ ಕೂತವಳಿಗೆ ಏಳಲಾಗಲಿಲ್ಲ. ಗಾಡಿಯ ಮೇಲೆ ತಂದು ಮಲಗಿಸಿದ ಮೇಲೆ ಸೂಲಗಿತ್ತಿ ಮುದಕವ್ವನಿಗೆ ಕರೆ ಹೋಯಿತು. ಮೊದಲೇ ಕರೆಸಿದ್ದರೆ ಯಾರ ಗಂಟು ಹೋಗುತ್ತಿತ್ತೋ!

ಮುದಕವ್ವ ಸೊಂಟವನ್ನು ಎರಡೂ ಕಡೆಯಿಂದ ಅಂಗೈಯಲ್ಲಿ ಒತ್ತಿ ಹಿಡಿದಳು. ನೋವು ಅರ್ಧಕ್ಕರ್ಧ ಇಳಿಯಿತು. ಹೊಳೆವ್ವ ಅತ್ತುಬಿಟ್ಟಳು.

"ಇದು ದೆವ್ವಲ್ಲ, ಗಾಳಿ ಅಲ್ಲ ಮಗಳ. ಕೂಸಿಗೆ ಹಾದಿ ಬಿಡಾಕ ಎಲುಬು ಸಡ್ಲ ಆಗ್ಯಾವ. ಎರಡೂ ಕಾಲು ಜೋಡಿಸಿಕೊಂಡು ಹೊಳ್ಳು, ಮೊಣಕಾಲಿನ ನಡುವ ದಿಂಬು ಇಟ್ಕೊಂಡು ಮಲಗು. ನಡಕ್ಕ ಹೊಸ ಕಂಬಳಿ ಬಿಗಿ."

"ಅಕ್ಕ ಇದ್ರಿಂದನಽ ಸತ್ತಳಲ್ಲ ಆಯಿ?"

"ಈ ನೋವಿಗೆ ಯಾರೂ ಸಾಯಂಗಿಲ್ಲ. ನಿಮ್ಮಕ್ಕನ ರಗತ ನಿಲ್ಲಲಿಲ್ಲ. ಅದು ಬ್ಯಾರೆ, ಇದು ಬ್ಯಾರೆ." ಮುದಕವ್ವ ದನಿ ತಗ್ಗಿಸಿದಳು. "ಆಕೀಗೂ ಕಂಬಳಿ ಬಿಗಿ ಅಂದಿದ್ನಿ. ಬಿಗೀಲಿಲ್ಲ."

ಮನೆಯಲ್ಲಿದ್ದ ಹಳೆಯ ಕಂಬಳಿಗಳು ಸವೆದು ಜಾಳಾಗಿದ್ದವು, ಬಿಗಿದರೆ ಪರ್ ಎಂದು ಹರಿಯುತ್ತಿದ್ದವು. ಇದ್ದ ಒಂದೇ ಹೊಸದು ಸಾಬಣ್ಣನ ಮಗ್ಗದ ಮೇಲಿತ್ತು, ಅದು ಬೀರಪ್ಪನದು. ಮೂರು ವರ್ಷಕ್ಕೊಮ್ಮೆ ಗದ್ದಿಗೆಗೆ ಹಾಸುವ ಆ ಕಂಬಳಿಯನ್ನು ಉಪವಾಸವಿದ್ದು ಸೋಮವಾರ ಮಾತ್ರ ನೇಯಬೇಕು. ಅದು ದೇವರಿಗೆ ಮುಟ್ಟುವ ತನಕ ಮಗ್ಗದಲ್ಲಿ ಬೇರೆ ನೇಯುವಂತಿಲ್ಲ, ನಡುವೆ ಕಡಿಯುವಂತಿಲ್ಲ. ತಾರವ್ವ ಬಸಿರಿದ್ದಾಗಲೂ ಮಗ್ಗದ ಮೇಲೆ ದೇವರ ಕಂಬಳಿಯೇ ಇತ್ತು. ಅವಳೂ ಬಿಗಿಯಲು ಹೊಸ ಕಂಬಳಿ ಕೇಳಿದ್ದಳು. "ದೇವರದು ಇಳೀಲಿ, ಆಮ್ಯಾಗ ನಿನಗ," ಎಂದಿದ್ದ ಸಾಬಣ್ಣ. ದೇವರದು ಇಳಿಯಿತು. ಅಷ್ಟರಲ್ಲಿ ತಾರವ್ವ ಮಣ್ಣಿಗೆ ಹೋಗಿದ್ದಳು.

ಹೊಳೆವ್ವ ಕೇಳಲೇ ಇಲ್ಲ. ಬಾಗಿಲಲ್ಲಿ ನಿಂತು ಮುದಕವ್ವನ ಮಾತೆಲ್ಲ ಕೇಳಿಸಿಕೊಂಡ ಸಾಬಣ್ಣ ಸೂರಿನಿಂದ ಉಣ್ಣೆ ಕತ್ತರಿ ಎಳೆದುಕೊಂಡು ಮಗ್ಗದ ಕುಣಿಗಿಳಿದ. ಕತ್ತರಿಯ ಸಪ್ಪಳ ಹೊಳೆವ್ವನಿಗೆ ಒಳಗೆ ಕೇಳಿತು. ಅದರ ಹಿಂದೆಯೇ ಅತ್ತೆಯ ಕೂಗು.

"ಲೇ ಸಾಬ್ಯಾ! ಬೀರಪ್ಪನ ಹಾಸು ಕಡದೇನೋ? ಮನಿ ಉಳೀತೈತೇನೋ ಇನ್ನ?"

ಅವನು ನೇಯ್ದಷ್ಟನ್ನು ತಂದು, ಗೇಣಗಲಕ್ಕೆ ಮಡಿಚಿ, ಮುದಕವ್ವ ತೋರಿಸಿದಲ್ಲಿ ಹೊಟ್ಟೆಯ ಕೆಳಗೆ ಬಿಗಿದ. ಹೊಳೆವ್ವ ಎದ್ದು ನಾಲ್ಕು ಹೆಜ್ಜೆ ಇಟ್ಟಳು. ನೋವು ಇತ್ತು, ಆದರೆ ತಡೆಯುವಂತಿತ್ತು. ಅವಳಿಗೆ ಹಿತವೂ ಆಯಿತು, ಎದೆಯೂ ಒಡೆಯಿತು: ಇಷ್ಟು ದಿನ ಅಕ್ಕನೊಬ್ಬಳ ಭಯವಿತ್ತು, ಈಗ ದೇವರದೂ ಸೇರಿತು. ಹೆರಿಗೆಯವರೆಗೂ ಅವಳು ಪಟ್ಟಿಯ ಗಂಟನ್ನು ಮುಟ್ಟಿ ಮುಟ್ಟಿ ನೋಡುತ್ತ ಬದುಕಿದಳು.

ಗಂಡು ಕೂಸು ಹುಟ್ಟಿತು. ಹೊಳೆವ್ವ ಉಳಿದಳು. ಬೀರಪ್ಪ ಯಾರನ್ನೂ ಏನೂ ಕೇಳಲಿಲ್ಲ.

ಹದಿಮೂರನೆಯ ದಿನ ಬಿಸಿಲಲ್ಲಿ ಕೂತು ಅವಳು ಆ ಕಂಬಳಿ ತುಂಡನ್ನು ಮಡಿಚುತ್ತಿದ್ದಳು. "ಇದಽ ನೋಡ್ರಿ ನನ್ನ ಉಳಿಸಿದ್ದು," ಎಂದಳು ಗಂಡನಿಗೆ.

"ಇಲ್ಲ. ಮುದಕವ್ವನ್ನ ಕೇಳೀನಿ. ಬಿಗಿದಿದ್ರೂ ತಾರವ್ವ ಹೋಗ್ತಿದ್ಲು." ಸಾಬಣ್ಣ ಕೂಸಿನ ಕಡೆ ನೋಡಲಿಲ್ಲ, ಅಂಗಳದ ಕಡೆ ನೋಡುತ್ತಿದ್ದ. "ಆದ್ರ ಬಿಗಿದಿದ್ರ ಆ ಎರಡು ತಿಂಗಳು ಮಗ್ಗಲಾ ಹೊಳ್ಳಿ ಮಲಗ್ತಿದ್ಲು. ಅಷ್ಟಽ ಕೇಳಿದ್ಲು ಆಕಿ."

ಹೊಳೆವ್ವ ಎಂದೂ ಬಾಯಿಬಿಟ್ಟು ಹೇಳದಿದ್ದುದನ್ನು ಅವನೇ ಕೇಳಿದ:

"ಆ ಕಾಲೆಳಿಯೋ ಸಪ್ಪಳ… ನಿನಗಾದ್ರೂ ಈಗ ನಿಂತೈತೇನು?"