ಡೆಲ್ಬರ್ಟನ ಬಂದೂಕು, ಹರ್ಷೆಲನ ಫೋಟೋ

ಡೆಲ್ಬರ್ಟ್ ಟ್ಯಾಕೆಟ್ ಮೂವತ್ತೊಂದು ವರ್ಷ ಕೌಂಟಿಯ ಶಾಲಾ ಬಸ್ಸುಗಳನ್ನು ರಿಪೇರಿ ಮಾಡಿದವನು. ನಮ್ಮ ಸೋರ್‌ವುಡ್ ಹಳ್ಳದ ಆಚೆ ಈಚೆ ಅವನು ಒಮ್ಮೆಯಾದರೂ ಬಾನೆಟ್ ಎತ್ತಿ ನೋಡದ ಗಾಡಿ ಇಲ್ಲ. ಇಂಜಿನ್ನುಗಳ ಸದ್ದಿನಲ್ಲೇ ಅವನ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿ ತನಗೆ ಬೇಕಾದದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತದೆ ಎಂದು ಅವನ ಹೆಂಡತಿ ವಿಲ್ಮಾ ಹೇಳುತ್ತಿದ್ದಳು. ಒಳ್ಳೆಯ ಮನುಷ್ಯ, ಯಾರ ಮನೆಯಲ್ಲಿ ಸಾವಾದರೂ ಗುಂಡಿ ತೋಡಲು ಮೊದಲು ಬರುವವನು. ಆದರೆ ಪಕ್ಕದ ಮನೆಯ ಹರ್ಷೆಲ್ ಕೂಂಬ್ಸ್‌ನನ್ನು ಕಂಡರೆ ಮಾತ್ರ ಅವನ ಹೊಟ್ಟೆಯಲ್ಲಿ ಕೆಂಡ ಬೀಳುತ್ತಿತ್ತು.

ಅದಕ್ಕೆ ಕಾರಣ ಹುಡುಕಿದರೆ ಬೇಕಾದಷ್ಟಿದ್ದವು. ಹರ್ಷೆಲನ ಹಿತ್ತಲಲ್ಲಿ ಟೊಮ್ಯಾಟೊ ಒಂದು ವಾರ ಮುಂಚೆ ಹಣ್ಣಾಗುತ್ತಿತ್ತು. ಹರ್ಷೆಲನ ನಾಯಿ ಕರೆದರೆ ಬರುತ್ತಿತ್ತು. ಅದೂ ಅಲ್ಲದೆ, ವಿಲ್ಮಾ ಹದಿನೇಳರ ಹುಡುಗಿಯಾಗಿದ್ದಾಗ ಹರ್ಷೆಲ್ ಅವಳನ್ನು ಕುಣಿತಕ್ಕೆ ಕರೆದುಕೊಂಡು ಹೋಗಿದ್ದ.

"ಒಂದೇ ಸಲ ಕಣೋ ಮಹರಾಯ, ಐವತ್ತು ವರ್ಷ ಆಯ್ತು," ಎನ್ನುತ್ತಿದ್ದಳು ವಿಲ್ಮಾ.

"ಒಂದು ಸಲ ಸಾಕಲ್ಲ," ಎನ್ನುತ್ತಿದ್ದ ಡೆಲ್ಬರ್ಟ್.

ಹಾಗೆ ಬೂದಿ ಮುಚ್ಚಿಕೊಂಡಿದ್ದ ಕೆಂಡಕ್ಕೆ ಗಾಳಿ ಬೀಸಿದ್ದು ಹೋದ ವಸಂತದಲ್ಲಿ. ನಮ್ಮ ಕಡೆ ನೋವಿನ ಮಾತ್ರೆಯ ಚಟ ಹತ್ತಿದವರು ಮನೆಗಳಿಗೆ ನುಗ್ಗುವುದು ಹೊಸದೇನಲ್ಲ. ಒಂದು ಬೆಳಗಿನ ಜಾವ ಅಂಥವನೊಬ್ಬ ಹರ್ಷೆಲನ ಮನೆಯ ಹಿಂಬಾಗಿಲು ಮುರಿದ. ಹರ್ಷೆಲ್ ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇದ್ದ. ಬಂದೂಕು ತೋರಿಸಿ ಕಳ್ಳನನ್ನು ಬಟ್ಟೆ ಒಗೆಯುವ ಕೋಣೆಗೆ ತಳ್ಳಿ, ಚಿಲಕ ಹಾಕಿ, ಕೌಂಟಿಯ ಪೊಲೀಸ್ ಮುಖ್ಯಸ್ಥ ಶೆರಿಫನ ಆಫೀಸಿಗೆ ಫೋನು ಮಾಡಿದ. ಮುಂದಿನ ವಾರ ಕೌಂಟಿಯ ಪತ್ರಿಕೆಯ ಮೊದಲ ಪುಟದಲ್ಲಿ ಅವನ ಫೋಟೋ: ಮನೆಯ ಮುಂಜಗುಲಿ, ಮೆಟ್ಟಿಲ ಮೇಲೆ ಒಂದು ಕಾಲು, ತಲೆಯ ಮೇಲೆ ಹ್ಯಾಟು, ಮೊಣಕೈ ಮಡಿಕೆಯಲ್ಲಿ ಬಂದೂಕು. ಆ ಫೋಟೋ ಕ್ಷೌರದಂಗಡಿಯ ಕನ್ನಡಿಗೆ ಅಂಟಿತು. ಪೆಟ್ರೋಲ್ ಬಂಕಿನ ಗಾಜಿಗೆ ಅಂಟಿತು. ಚರ್ಚಿನಲ್ಲಿ ಪ್ರಾರ್ಥನೆ ಬೇಡುವವರ ಹೆಸರಿನ ಪಟ್ಟಿಯ ಪಕ್ಕದಲ್ಲೂ ಯಾರೋ ಪಿನ್ನು ಚುಚ್ಚಿದರು.

ದೇವರು ಕಾಪಾಡಿದ್ದಕ್ಕೆ ಸಭೆಯ ಮುಂದೆ ಸಾಕ್ಷಿ ಹೇಳಲು ಪಾಸ್ಟರ್ ಅವನನ್ನು ಎದ್ದು ನಿಲ್ಲಿಸಿದಾಗ ಹರ್ಷೆಲ್ ಬೆಂಚು ಹಿಡಿದುಕೊಂಡು, "ದೇವರ ದಯೆ, ಯಾರೂ ಸಾಯ್ಲಿಲ್ಲ," ಎಂದಷ್ಟೇ ಹೇಳಿ ಕೂತುಬಿಟ್ಟ.

"ನೋಡಿದ್ಯಾ? ನಾಕು ಮಾತಾಡಿದ್ರೆ ಎಲ್ಲಿ ಚಿಕ್ಕೋನಾಗ್ತಾನೋ ಅಂತ," ಎಂದ ಡೆಲ್ಬರ್ಟ್. ಕಿವಿ ಕೇಳದವರು ಪಿಸುಗುಟ್ಟಿದರೆ ಹೇಗಿರುತ್ತದೆಂದು ಗೊತ್ತಲ್ಲ, ಮುಂದಿನ ಮೂರು ಬೆಂಚಿನವರು ತಿರುಗಿ ನೋಡಿದರು.

ಇದೆಲ್ಲವನ್ನೂ ಅವನು ಸಹಿಸುತ್ತಿದ್ದನೇನೋ. ಸಹಿಸಲಾಗದೆ ಹೋದದ್ದು ಕೇಕನ್ನು. ನಮ್ಮಲ್ಲಿ ಒಣಸೇಬನ್ನು ಬೇಯಿಸಿ ತೆಳುವಾದ ಪದರಗಳ ನಡುವೆ ಬಳಿದು, ಎರಡು ದಿನ ಮುಚ್ಚಿಟ್ಟು ಮಾಡುವ ಕೇಕಿದೆ. ಪದರ ಹೆಚ್ಚಿದಷ್ಟೂ ಮರ್ಯಾದೆ ಹೆಚ್ಚು. ಮದುವೆಯಲ್ಲಿ ಹೆಂಗಸರು ಮೊದಲು ಎಣಿಸುವುದೇ ಅದನ್ನು. ಆ ಘಟನೆಯಾದ ಮೂರನೆಯ ದಿನ ವಿಲ್ಮಾ ಹರ್ಷೆಲನ ಮನೆಗೆ ಒಂದು ಕೇಕು ಹೊತ್ತುಕೊಂಡು ಹೋದಳು. ಡೆಲ್ಬರ್ಟ್ ಅಡುಗೆಮನೆಯ ಕಿಟಕಿಯಿಂದ ಎಣಿಸಿದ. ಏಳು ಪದರ. ಅವನ ಹುಟ್ಟುಹಬ್ಬಕ್ಕೆ ಎಂದೂ ನಾಲ್ಕು ದಾಟಿದ್ದಿಲ್ಲ.

"ಏಳು ಹಾಕಿದ್ದೀಯ," ಎಂದ ಅವಳು ಹಿಂತಿರುಗಿದ ಮೇಲೆ.

"ಹಿಟ್ಟು ಮಿಕ್ಕಿತ್ತು."

"ನಂಗೆ ಮಾತ್ರ ಯಾವತ್ತೂ ಮಿಕ್ಕಲ್ಲ ಅಲ್ವಾ ನಿನ್ನ ಹಿಟ್ಟು!"

ವಿಲ್ಮಾ ಉತ್ತರ ಕೊಡಲಿಲ್ಲ. ಅವಳು ಉತ್ತರ ಕೊಡದಿದ್ದರೆ ಅದಕ್ಕೊಂದು ಕಾರಣವಿರುತ್ತದೆ ಎಂಬುದು ಅವಳ ಪಕ್ಕ ಕೂತು ಇಷ್ಟು ವರ್ಷ ಕೀರ್ತನೆ ಹಾಡಿದ ನನಗೆ ಗೊತ್ತು. ಡೆಲ್ಬರ್ಟನಿಗೆ ಗೊತ್ತಾಗಲಿಲ್ಲ. ಅವನು ಅಟ್ಟದಿಂದ ಅಪ್ಪನ ಕಾಲದ ಬಂದೂಕು ಇಳಿಸಿ, ಎಣ್ಣೆ ಹಾಕಿ ಒರೆಸಿ, ಮಂಚದ ಪಕ್ಕ ನಿಲ್ಲಿಸಿದ. ಅಂದಿನಿಂದ ಬಾಗಿಲಿಗೆ ಎರಡನೆಯ ಬೀಗ ಹಾಕುವುದನ್ನೇ ಬಿಟ್ಟ. ಕಳ್ಳ ಬರಲಿ ಎಂದು ಕಾದ ಮನುಷ್ಯನನ್ನು ನಾನು ನೋಡಿದ್ದು ಅವನೊಬ್ಬನನ್ನೇ.

ಅಕ್ಟೋಬರಿನ ಒಂದು ಭಾನುವಾರ. ಅಂದು ಆರಾಧನೆಯಲ್ಲಿ ಹರ್ಷೆಲನನ್ನು ಸಭೆಯ ಹಿರಿಯನನ್ನಾಗಿ ನೇಮಿಸುವುದಿತ್ತು. ಡೆಲ್ಬರ್ಟ್ ಮಂಡಿನೋವು ಎಂದು ಮನೆಯಲ್ಲೇ ಉಳಿದ.

"ಮಂಡಿನೋ, ಹೊಟ್ಟೆನೋ?" ಎಂದು ಕೇಳಿ, ವಿಲ್ಮಾ ಗಾಡಿ ತೆಗೆದುಕೊಂಡು ಹೊರಟಳು.

ಅಂಗಳದಲ್ಲಿ ಗಾಡಿಯಿಲ್ಲ, ಭಾನುವಾರ ಹನ್ನೊಂದೂವರೆ ಗಂಟೆ. ಇಡೀ ಊರು ಚರ್ಚಿನಲ್ಲಿರುವ ಹೊತ್ತು ಎಂದು ಕಳ್ಳರಿಗೂ ಗೊತ್ತು. ಮಲಗಿದ್ದ ಡೆಲ್ಬರ್ಟನಿಗೆ ಗಾಜು ಒಡೆದದ್ದು ಕೇಳಿಸಲಿಲ್ಲ, ನೆಲದ ಹಲಗೆ ನಡುಗಿದ್ದು ಮಂಚದ ಕಾಲಿನಿಂದ ತಿಳಿಯಿತು. ಫೋನು ಎತ್ತಿ ತುರ್ತು ಕರೆಗೆ ಹೇಳಿದ. ಆ ಕಡೆಯ ಹೆಂಗಸು ಹೆಸರು, ವಿಳಾಸ ಕೇಳಿದಳು. ಬಂದೂಕು ಇದೆಯಾ ಎಂದಳು. ಇದೆ ಎಂದ. ಯಾವ ಬಣ್ಣದ ಅಂಗಿ ಹಾಕಿದ್ದೀರಿ ಎಂದು ಕೇಳಿದಳು.

"ನೀಲಿ. ಯಾಕಮ್ಮಾ, ಮದುವೆಗೆ ಗಂಡು ನೋಡ್ತಿದೀಯಾ?" ಎಂದ. ಬಾಯಿ ತಮಾಷೆ ಮಾಡುತ್ತಿತ್ತು, ಕೈ ನಡುಗುತ್ತಿತ್ತು. ಇದನ್ನು ಅವನೇ ಆಮೇಲೆ ಹೇಳಿದ್ದು.

ಫೋನನ್ನು ಹಾಸಿಗೆಯ ಮೇಲೆ ಬಿಟ್ಟು ಬಂದೂಕು ಹಿಡಿದು ಅಡುಗೆಮನೆಗೆ ಹೋಗಿ ಒಂದು ಕೂಗು ಹಾಕಿದ. ಒಳಗಿದ್ದವನು ಕದಿಯಲು ಎತ್ತಿಕೊಂಡಿದ್ದ ಮರ ಕೊಯ್ಯುವ ಯಂತ್ರವನ್ನು ಎಸೆದು, ಬಂದ ಬಾಗಿಲಿಂದಲೇ ಹಳ್ಳದ ಕಡೆ ಓಡಿದ. ಅಷ್ಟೇ. ಎಣಿಸಿದರೆ ಅರ್ಧ ನಿಮಿಷ. ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಡೆಲ್ಬರ್ಟ್ ಫೋನು ಎತ್ತಿ, "ಓಡ್ಹೋದ," ಎಂದ.

"ಒಳ್ಳೇದಾಯ್ತು ಸರ್. ಈಗ ಬಂದೂಕನ್ನ ಒಳಗೇ ಇಟ್ಟುಬಿಡಿ. ನಮ್ಮವರು ಬಂದ್ಮೇಲೆ ಬರಿಗೈಲಿ, ಕೈ ಕಾಣೋ ಹಾಗೆ ಹೊರಗೆ ಬನ್ನಿ. ಅಲ್ಲೀವರೆಗೂ ಫೋನ್ ಇಡ್ಬೇಡಿ."

ಅವನು ಫೋನು ಇಟ್ಟ. ಗೋಡೆಯ ಗಡಿಯಾರ ನೋಡಿದ. ಇನ್ನು ಹತ್ತು ನಿಮಿಷಕ್ಕೆ ಚರ್ಚು ಬಿಡುತ್ತದೆ. ಎಲ್ಲರೂ ಈ ದಾರಿಯಲ್ಲೇ ಬರಬೇಕು, ಹರ್ಷೆಲನೂ. ಬರಿಗೈ ತೋರಿಸಿಕೊಂಡು ನಿಂತರೆ ಯಾರು ಫೋಟೋ ತೆಗೆಯುತ್ತಾರೆ? ನೀಲಿ ಅಂಗಿಯ ಮೇಲೆ ಭಾನುವಾರದ ಕಂದು ಕೋಟು ಹಾಕಿದ. ಹ್ಯಾಟು ಇಟ್ಟ. ಮುಂಜಗುಲಿಗೆ ಬಂದು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಮೊಣಕೈ ಮಡಿಕೆಯಲ್ಲಿ ಬಂದೂಕಿಟ್ಟುಕೊಂಡು, ಬಲಕ್ಕೆ ಚರ್ಚಿನ ದಾರಿ ನೋಡುತ್ತ ನಿಂತ.

ಶೆರಿಫನ ಕಡೆಯವರ ಬಗ್ಗೆ ಅವನಿಗೆ ಭಯವಿರಲಿಲ್ಲ. ನಮ್ಮಲ್ಲಿ ಶೆರಿಫನ ಕೈಕೆಳಗಿನ ಡೆಪ್ಯುಟಿ ಎಂದರೆ ಯಾರದೋ ಮಗ, ಯಾರದೋ ಅಳಿಯ, ಚಿಕ್ಕಂದಿನಲ್ಲಿ ಡೆಲ್ಬರ್ಟ್ ರಿಪೇರಿ ಮಾಡಿದ ಬಸ್ಸಿನಲ್ಲೇ ಶಾಲೆಗೆ ಹೋದವನು. ಆದರೆ ಅಂದು ಬಂದವನು ಮೂರು ವಾರದ ಹಿಂದಷ್ಟೇ ಬೇರೆ ಕೌಂಟಿಯಿಂದ ಬಂದಿದ್ದ ರಾಟ್ಲಿಫ್. ಮನೆಯವನು ನೀಲಿ ಅಂಗಿಯಲ್ಲಿದ್ದಾನೆ, ಫೋನು ಕಡಿದುಹೋಗಿದೆ ಎಂದಷ್ಟೇ ಅವನಿಗೆ ರೇಡಿಯೋದಲ್ಲಿ ಬಂದ ಸುದ್ದಿ. ಅವನು ಕಂಡದ್ದು ಕಂದು ಕೋಟಿನ, ಬಂದೂಕು ಹಿಡಿದ ಒಬ್ಬನನ್ನು. ಕಾರನ್ನು ಎಡಗಡೆ ನಿಲ್ಲಿಸಿ, ಬಾಗಿಲ ಹಿಂದೆ ಬಗ್ಗಿ ಮೂರು ಸಲ ಕೂಗಿದ, "ಬಂದೂಕು ಕೆಳಗಿಡು!"

ಅದು ಕೇಳದ ಕಿವಿಯ ಕಡೆ. ಮೂರನೆಯ ಕೂಗು ಹೇಗೋ ಒಳಗೆ ಇಳಿಯಿತು. ಡೆಲ್ಬರ್ಟ್ ಯಾರಪ್ಪಾ ಎಂದು ತಿರುಗಿದ. ಅವನ ಜೊತೆ ಬಂದೂಕಿನ ಮೂತಿಯೂ ತಿರುಗಿತು.

ಎರಡು ಗುಂಡು. ಒಂದು ಜಗುಲಿಯ ಕಂಬಕ್ಕೆ, ಇನ್ನೊಂದು ಅವನ ಬಲ ಭುಜಕ್ಕೆ.

ಡೆಲ್ಬರ್ಟನ ಕಿವಿಗೆ ಬೀಳದ ಸೈರನ್ ಹತ್ತಿರದ ಚರ್ಚಿನಲ್ಲಿ ಕೇಳಿ ನಾವು ಕೊನೆಯ ಕೀರ್ತನೆಯನ್ನು ಅರ್ಧಕ್ಕೇ ಬಿಟ್ಟು ಹೊರಗೆ ಬಂದಿದ್ದೆವು. ಎಲ್ಲರಿಗಿಂತ ಮುಂದೆ ಓಡಿದವನು ಹರ್ಷೆಲ್. ಟೈ ಹೆಗಲ ಮೇಲೆ ಹಾರುತ್ತಿತ್ತು, ಎರಡೂ ಕೈ ಮೇಲೆ. "ಹೊಡೀಬೇಡಪ್ಪಾ! ಅವನು ಮನೆಯವನು! ಅವನದೇ ಮನೆ!" ಎಂದು ಕೂಗುತ್ತ ಹೋಗಿ, ಡೆಪ್ಯುಟಿ ಏನೂ ಹೇಳುವ ಮೊದಲೇ ರಸ್ತೆಯ ಕೆಸರಿನಲ್ಲಿ ಮಂಡಿಯೂರಿ ಕೂತ. ರೂಢಿಯಿದ್ದವನಂತೆ ಕೂತ. ನಾನು ಆಗ ಅದನ್ನು ಗಮನಿಸಿದೆ, ಅರ್ಥವಾಗಲಿಲ್ಲ.

ರಾಟ್ಲಿಫ್ ಬಿಳಿಚಿಕೊಂಡಿದ್ದ, ಓಡಿ ಹೋಗಿ ಗಾಯವನ್ನು ಒತ್ತಿ ಹಿಡಿದ. ವಿಲ್ಮಾ ಗಂಡನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು. ಡೆಲ್ಬರ್ಟ್ ಕಣ್ಣು ಬಿಟ್ಟು, "ನನ್ನ ಉಳಿಸಿದ್ದು ಯಾರು?" ಎಂದ.

"ಹರ್ಷೆಲ್."

"ಅಯ್ಯೋ ಕರ್ತನೇ," ಎಂದು ಮತ್ತೆ ಕಣ್ಣು ಮುಚ್ಚಿದ.

ಆಸ್ಪತ್ರೆಯಲ್ಲಿ ಐದನೆಯ ದಿನ ಹರ್ಷೆಲ್ ಬಂದ. ವಿಲ್ಮಾ ಹೆಣೆಯುತ್ತ ಕೂತಿದ್ದಳು, ನಾನು ಸೂಪು ತಂದಿದ್ದೆ.

"ಯಾಕೋ ಹಾಗೆ ನಿಂತ್ಕೊಂಡೆ, ಬಂದೂಕು ಹಿಡ್ಕೊಂಡು?" ಎಂದ ಹರ್ಷೆಲ್.

"ನೀನು ನಿಂತಿರ್ಲಿಲ್ವಾ? ಊರೆಲ್ಲಾ ನೋಡಿದೆ ಫೋಟೋದಲ್ಲಿ."

ಹರ್ಷೆಲ್ ಹ್ಯಾಟನ್ನು ಬೆರಳಲ್ಲಿ ತಿರುಗಿಸಿದ. "ಆ ಫೋಟೋ ತೆಗೆದದ್ದು ಮಾರನೇ ದಿನ ಕಣಯ್ಯಾ. ಪತ್ರಿಕೆ ಹುಡುಗಿ ಬಂದು ಹಿಡ್ಕೊಳ್ಳಿ ಅಂದ್ಲು, ಹಿಡ್ಕೊಂಡೆ. ಪೊಲೀಸರು ಬಂದಾಗ ಬಂದೂಕು ಅಡುಗೆಮನೆ ಮೇಜಿನ ಮೇಲಿತ್ತು. ನಾನು ಚಡ್ಡೀಲಿ, ಕಾಲುಚೀಲದಲ್ಲಿ, ಕೈ ಎತ್ಕೊಂಡು ಕೆಸರಲ್ಲಿ ಮಂಡಿಯೂರಿದ್ದೆ. ಮನೆ ಯಾರದು ಅಂತ ಗೊತ್ತಾಗೋವರೆಗೂ ನಂಗೂ ಬೇಡಿ ಹಾಕಿದ್ರು. ಅಳ್ತಿದ್ದೆ. ನಿಜ ಹೇಳ್ಬೇಕು ಅಂದ್ರೆ ಚಡ್ಡಿನೂ ಒದ್ದೆಯಾಗಿತ್ತು."

"ಇದನ್ನ ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರು? ಎಲ್ಲರಿಗೂ ಫೋಟೋ ಸಾಕಾಗಿತ್ತು." ಆಮೇಲೆ ಮೆಲ್ಲಗೆ, "ನಂಗೂ ಹೇಳೋಕೆ ಮನಸ್ಸಾಗ್ಲಿಲ್ಲ. ಅದು ನನ್ನ ತಪ್ಪು."

ಡೆಲ್ಬರ್ಟ್ ಹೆಂಡತಿಯ ಕಡೆ ತಿರುಗಿದ. ವಿಲ್ಮಾ ಸೂಜಿಯಿಂದ ಕಣ್ಣು ಎತ್ತಲಿಲ್ಲ.

"ನಿಂಗೆ ಗೊತ್ತಿತ್ತು."

"ಕಿಟಕಿಯಿಂದ ಕಾಣ್ತಿತ್ತು. ನೀನು ಗೊರಕೆ ಹೊಡೀತಿದ್ದೆ."

"ನಂಗೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಮಧ್ಯಾಹ್ನದೊಳಗೆ ಕ್ಷೌರದಂಗಡಿಗೆ ತಲುಪಿಸ್ತಿದ್ದೆ."

ಅವನು ಇಲ್ಲವೆನ್ನಲಿಲ್ಲ. "ಹಾಗಾದ್ರೆ ಆ ಏಳು ಪದರ?" ಎಂದ.

"ಶೌರ್ಯಕ್ಕೆ ಯಾರಾದ್ರೂ ಕೇಕ್ ಮಾಡ್ತಾರಾ? ಹೆದರಿ ನಡುಗ್ತಿದ್ದ ಮನುಷ್ಯ. ಮನೇಲಿ ಒಂದು ಲೋಟ ನೀರು ಕೊಡೋರಿಲ್ಲ."

ಎರಡು ವಾರಕ್ಕೆ ಅವನು ಮನೆಗೆ ಬಂದ. ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ, ಇನ್ನು ಬಾನೆಟ್ ಎತ್ತುವ ಕೆಲಸ ಮುಗಿಯಿತು. ಬಂದೂಕು ಶೆರಿಫನ ಆಫೀಸಿನಲ್ಲೇ ಇತ್ತು, ಕೇಳಲು ಯಾರೂ ಹೋಗಲಿಲ್ಲ. ಮೇಜಿನ ಮೇಲೆ ಕೇಕು. ಅವನು ಎಣಿಸಿದ್ದನ್ನು ನಾನು ನೋಡಿದೆ. ನಾಲ್ಕು.

"ನಾಕೇನಾ?"

"ಆಸ್ಪತ್ರೆಗೆ ಬಂದೋರಿಗೆಲ್ಲಾ ನಂಗೇನೂ ಭಯ ಆಗ್ಲಿಲ್ಲ ಅಂತ ಹೇಳ್ತಿದ್ದೆಯಲ್ಲ."

ಡೆಲ್ಬರ್ಟ್ ಎಡಗೈಯಿಂದ ಕುರ್ಚಿ ಎಳೆದು ಕೂತ. ಕಿಟಕಿಯಾಚೆ ಹರ್ಷೆಲ್ ಇವರ ಒಡೆದ ಹಿಂಬಾಗಿಲಿಗೆ ಗಾಜು ಕೂರಿಸುತ್ತಿದ್ದ. ಅವನ ನಾಯಿ, ಅವನು ಕರೆಯದಿದ್ದರೂ, ಕಾಲ ಬಳಿ ಕೂತಿತ್ತು.

"ಹೆದರಿದ್ದೆ ವಿಲ್ಮಾ," ಎಂದ. "ಬಂದೂಕಿನ ಮೂತಿ ತಿರುಗಿತಲ್ಲ, ಆವಾಗ ಅಲ್ಲ. ಅದಕ್ಕಿಂತ ಮುಂಚೇನೇ. ಫೋನಲ್ಲೇ ಕೈ ನಡುಗ್ತಿತ್ತು. ಅದು ಯಾರಿಗೂ ಕಾಣ್ಬಾರ್ದು ಅಂತಾನೇ ಕೋಟು ಹಾಕ್ಕೊಂಡೆ."

ವಿಲ್ಮಾ ಎದ್ದು ಹೋಗಿ ಕಪಾಟಿನ ಮೇಲಿಂದ ಒಣಸೇಬಿನ ಭರಣಿ ಇಳಿಸಿದಳು, ಮುಚ್ಚಳ ತೆಗೆದು ನೆನೆಹಾಕಲು ಪಾತ್ರೆಗೆ ಸುರಿದಳು. ನಾನು ಹಿಟ್ಟು ಜರಡಿ ಹಿಡಿಯಲು ಕೂತೆ.

ಡೆಲ್ಬರ್ಟ್ ಕಿಟಕಿಯಾಚೆ, ಏಳು ಪದರ ತಿಂದಿದ್ದ ಹರ್ಷೆಲನನ್ನೇ ನೋಡುತ್ತಿದ್ದ.

"ವಿಲ್ಮಾ, ಎಂಟು ಹಾಕು."