ನಿವಾಳಿಸಿದ ನಿಂಬೆಹಣ್ಣು

ಒಂಟಿಕೊಪ್ಪಲಿನ ಆ ಅಂಗಡಿ ಬೀದಿಯಲ್ಲಿ ಮಕ್ಕಳು ಊಟ ಮುಟ್ಟದೆ ರಚ್ಚೆ ಹಿಡಿದರೆ, ತಾಯಂದಿರಿಗೆ ಡಾಕ್ಟರಿಗಿಂತ ಮೊದಲು ನೆನಪಾಗುತ್ತಿದ್ದವಳು ಪುಟ್ಟಲಿಂಗಮ್ಮ. ದೃಷ್ಟಿ ತೆಗೆಯುವುದರಲ್ಲಿ ಅವಳದು ಎತ್ತಿದ ಕೈ. ಕುಂಕುಮ ಸವರಿದ ನಿಂಬೆಹಣ್ಣನ್ನು ಮಗುವಿಗೆ ನಿವಾಳಿಸಿ, ಮೂರು ದಾರಿ ಕೂಡುವಲ್ಲಿ ಇಟ್ಟು, ತಿರುಗಿ ನೋಡದೆ ಬಂದುಬಿಡುವಳು. ಅದನ್ನು ಯಾರಾದರೂ ತುಳಿದರೇ ದೃಷ್ಟಿ ಬಿಡುವುದು. ತುಳಿದವರಿಗೆ ಅಂಟಿಕೊಳ್ಳುತ್ತದೆ ಎಂಬ ಮಾತೂ ಇತ್ತು. ತುಳಿಯುತ್ತಿದ್ದದ್ದು ಸಿಟಿ ಬಸ್ಸು. ಬಸ್ಸಿಗೇನು ಜ್ವರ ಬರುತ್ತದೆಯೇ ಎಂದು ಅವಳು ನಗುತ್ತಿದ್ದಳು.

ಆಮೇಲೆ ಬೀದಿ ನಡೆಯುವವರದ್ದು ಎಂದಾಯಿತು. ಗಾಡಿಗಳನ್ನು ಬೇರೆ ದಾರಿಗೆ ತಿರುಗಿಸಿ, ಡಾಂಬರು ಕಿತ್ತು, ಕಲ್ಲು ಹಾಸಿ, ಬೆಂಚು ಹಾಕಿದರು. ಸುಳ್ಳೇಕೆ, ಬೀದಿ ಚೆಂದವಾಯಿತು. ಪುಟ್ಟಲಿಂಗಮ್ಮನೂ ಜೀವ ಕೈಯಲ್ಲಿ ಹಿಡಿಯದೆ ದಾಟುವಂತಾದಳು. ಆದರೆ ಅವಳಿಟ್ಟ ಹಣ್ಣುಗಳು ಇಟ್ಟಲ್ಲೇ ಒಣಗತೊಡಗಿದವು. ನಡೆಯುವವರಿಗೆ ಕಣ್ಣಿದೆಯಲ್ಲ, ಬಳಸಿಕೊಂಡು ಹೋಗುತ್ತಿದ್ದರು.

ಅಂಥದ್ದರಲ್ಲಿ ಮೊಮ್ಮಗಳು ಸಂಘಮಿತ್ರಳಿಗೆ ಜ್ವರ ಬಂತು. ಮಗ ಸಿದ್ದೇಶ ಇದನ್ನೆಲ್ಲ ನಂಬುವವನಲ್ಲ. ಆಸ್ಪತ್ರೆಗೆ ತೋರಿಸಿದ, ಔಷಧಿ ಕುಡಿಸಿದ. ಜ್ವರ ಜಗ್ಗಲಿಲ್ಲ. ಮಗು ಮೂಲೆಯತ್ತ ನೋಡುತ್ತ, ಅಲ್ಲಿ ನಿಂತವರಿಗೆ ಕೂರಲು ಹೇಳಿ ಎನ್ನತೊಡಗಿತು. ಮೂಲೆಯಲ್ಲಿ ಯಾರೂ ಇರಲಿಲ್ಲ. ಪುಟ್ಟಲಿಂಗಮ್ಮ ನಿಂಬೆಹಣ್ಣಿಗೆ ಕುಂಕುಮ ಸವರಿದಳು. ನಿವಾಳಿಸಿದ ಹಣ್ಣನ್ನು ಬೀದಿಯಲ್ಲಿಟ್ಟವಳು, ಈ ಸಲ ಮನೆಗೆ ಹೋಗದೆ ಬೆಂಚಿನ ಮೇಲೆ ಕಾದು ಕುಳಿತಳು.

ಸಂಜೆಯ ಜನವೆಲ್ಲ ಹಣ್ಣನ್ನು ಬಳಸಿಕೊಂಡೇ ಹೋಯಿತು. ಆಗ ಒಬ್ಬ ಪುಟ್ಟ ಹುಡುಗ ಓಡಿ ಬಂದ. ಗಾಡಿಯ ಭಯವಿಲ್ಲವೆಂದು ತಾಯಿ ಕೈ ಬಿಟ್ಟಿದ್ದಳು. ನಿಲ್ಲು ಮಗಾ ಎಂಬ ಮಾತು ಪುಟ್ಟಲಿಂಗಮ್ಮನ ನಾಲಿಗೆಯ ತುದಿಗೆ ಬಂತು. ಅದನ್ನು ಅವಳು ನುಂಗಿಕೊಂಡಳು. ಹಣ್ಣು ಹುಡುಗನ ಕಾಲಡಿ ಪಿಚಕ್ಕೆಂದಿತು.

ಮನೆಗೆ ಬಂದರೆ ಸಂಘಮಿತ್ರ ಎದ್ದು ಕುಳಿತು ಅನ್ನ ಕೇಳುತ್ತಿದ್ದಳು. ಮೂಲೆಯಲ್ಲಿದ್ದವರು ಎಲ್ಲಿ ಎಂದು ಕೇಳಿದಳು ಅಜ್ಜಿ.

"ಒಬ್ಬ ಹುಡುಗನ ಜೊತೆ ಹೋದ್ರು ಕಣಜ್ಜಿ."

ಮಾರನೆಯ ದಿನ ಆ ತಾಯಿಯೇ ಬಾಗಿಲಲ್ಲಿ ನಿಂತಿದ್ದಳು, ಪಕ್ಕದ ಬೀದಿಯ ಜೆನ್ನಿ. ಹೆಗಲ ಮೇಲೆ ಮಗ ಡೆನ್ನಿಸ್, ಮೈ ಕೆಂಡವಾಗಿತ್ತು. ಡಾಕ್ಟರಾಯಿತು, ಚರ್ಚಿನಲ್ಲಿ ಪ್ರಾರ್ಥನೆಯೂ ಆಯಿತು, ಯಾರೋ ನಿಮ್ಮ ಹೆಸರು ಹೇಳಿದರು ಎಂದಳು. ಹಣ್ಣನ್ನೂ ತಾನೇ ತಂದಿದ್ದಳು.

ಪುಟ್ಟಲಿಂಗಮ್ಮ ಹಣ್ಣು ತೆಗೆದುಕೊಂಡು ನಿವಾಳಿಸಿದಳು. ಹುಡುಗ ಅವಳ ಬೆನ್ನ ಹಿಂದಿನ ಮೂಲೆಯನ್ನೇ ನೋಡುತ್ತಿದ್ದ.

"ನೆನ್ನೆ ಬೀದೀಲಿ ಇಂಥದ್ದೇ ತುಳಿದ್ಬುಟ್ಟ ಅಜ್ಜಿ," ಎಂದಳು ಜೆನ್ನಿ. "ಅಷ್ಟು ಜನ ಕೂತಿದ್ರು. ಒಬ್ಬರಾದ್ರೂ ಕೂಗಿ ಹೇಳ್ಬಾರ್ದಿತ್ತಾ?"

ಪುಟ್ಟಲಿಂಗಮ್ಮ ಬೀದಿಗೆ ಹೋಗಲಿಲ್ಲ. ಹಣ್ಣನ್ನು ಅಲ್ಲೇ ನೆಲದ ಮೇಲಿಟ್ಟು, ಕಣ್ಣು ಮುಚ್ಚಿ, ಬರಿಗಾಲಲ್ಲಿ ತುಳಿದಳು. ಹುಡುಗನ ನೋಟ ಮೂಲೆಯಿಂದ ಮೆಲ್ಲಗೆ ಸರಿಯುತ್ತ ಬಂದು ಅವಳ ಪಕ್ಕದಲ್ಲಿ ನಿಂತಿತು.